ಚುಕ್ಕೆ ಜಿಂಕೆ ತಂದು ಬಿಡೋದು ಬೇಡ

ನಮಸ್ಕಾರ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಕಡೆ ಜಿಂಕೆ ಅಂದ್ರೆ ಕೃಷ್ಣಮೃಗ. ಮೃಗಾಲಯಕ್ಕೆ ಹೋದ್ರೆ ಜಿಂಕೆ ಅಂದ್ರೆ ಮೈತುಂಬ ಬಿಳಿ ಚುಕ್ಕೆ ಇರೋದು. ಹೆಸರು ಒಂದೇ, ಪ್ರಾಣಿ ಬೇರೆ. ಚುಕ್ಕೆ ಜಿಂಕೆಯ ಕವಲುಕೊಂಬು ಉದುರಿ ಮತ್ತೆ ಮೂಡುತ್ತೆ, ಕೃಷ್ಣಮೃಗದ ತಿರುಚುಕೊಂಬು ಸಾಯೋವರೆಗೂ ಉದುರಲ್ಲ. ಚುಕ್ಕೆ ಜಿಂಕೆಗೆ ಮರದ ನೆರಳು, ಹತ್ತಿರದಲ್ಲಿ ನೀರು ಬೇಕು. ಕೃಷ್ಣಮೃಗಕ್ಕೆ ದೂರದವರೆಗೆ ಕಣ್ಣು ಹಾಯೋ ಬಯಲು ಬೇಕು. ಎಲ್ಲೋ ಹೆಚ್ಚಾಗಿರೋ ಚುಕ್ಕೆ ಜಿಂಕೆಗಳನ್ನ ತಂದು ನಮ್ಮ ಬೆಟ್ಟಕ್ಕೋ ಗೋಮಾಳಕ್ಕೋ ಬಿಡೋಣ ಅನ್ನೋರಿಗೆ ನಮ್ಮ ಉತ್ತರ: ಬೇಡ.

ಅಂಡಮಾನ್ ನೋಡಿ. 20ನೇ ಶತಮಾನದ ಶುರುವಿನಲ್ಲಿ ಬ್ರಿಟಿಷರು ಅಲ್ಲಿಗೆ ಚುಕ್ಕೆ ಜಿಂಕೆ ಬಿಟ್ಟರು. ಹುಲಿ, ಚಿರತೆ, ಸೀಳುನಾಯಿ ಒಂದೂ ಇಲ್ಲದ ಜಾಗ. ಈಜಿಕೊಂಡು ದ್ವೀಪದಿಂದ ದ್ವೀಪಕ್ಕೆ ಹರಡಿದವು. ಅವು ದೊಡ್ಡ ಮರಕ್ಕೆ ಹೆಚ್ಚೇನೂ ಮಾಡಲ್ಲ, ಮೊಳಕೆ ತಿಂತವೆ. ಮೇಲೆ ನೋಡಿದ್ರೆ ಹಸಿರು, ಬಾಗಿ ನೋಡಿದ್ರೆ ಮೊಣಕಾಲೆತ್ತರದ ಸಸಿ ಸಿಗೋದು ಕಷ್ಟ. ಮುದಿ ಮರ ಬಿದ್ದರೆ ಆ ಜಾಗಕ್ಕೆ ಏಳೋಕೆ ಮರಿಗಿಡ ಇಲ್ಲ. 1868ರಲ್ಲಿ ಉಡುಗೊರೆಯಾಗಿ ಹವಾಯಿಗೆ ಹೋದ ಚುಕ್ಕೆ ಜಿಂಕೆಗಳ ಸಂತತಿ ಅಲ್ಲಿನ ಕಾಡನ್ನೂ ರೈತರನ್ನೂ ಇವತ್ತಿಗೂ ಕಾಡ್ತಿದೆ.

ಸಸಿ ಮೇಯ್ದಿದ್ದು ಜಿಂಕೆಯೇನಾ ಅಂತ ಗುರುತು ಹಿಡಿಯೋಕೆ ಕಡಿದ ತುದಿ ನೋಡಿ. ಜಿಂಕೆಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ಎಳೆದು ಕೀಳುತ್ತೆ, ತುದಿ ಸಿಗುರು ಸಿಗುರಾಗಿರುತ್ತೆ. ಮೊಲ ಕಡಿದಿದ್ರೆ ಚಾಕುವಲ್ಲಿ ಓರೆಯಾಗಿ ಕೊಯ್ದ ಹಾಗಿರುತ್ತೆ. ಆದ್ರೆ ಕುರಿ, ಮೇಕೆಯೂ ಎಳೆದೇ ಕೀಳೋದು. ನಮ್ಮ ಸೀಮೆಯಲ್ಲಿ ಹಿಕ್ಕೆ, ಗೊರಸು ನೋಡದೆ ಜಿಂಕೆ ಮೇಲೆ ದೂರು ಹೇಳಬೇಡಿ. ಮೇಯೋದ್ರಿಂದ ಎಷ್ಟು ಸಸಿ ಹೋಗ್ತಿವೆ ಅನ್ನೋ ಗಟ್ಟಿ ಲೆಕ್ಕ ಬೇಕಂದ್ರೆ ಹತ್ತು ಮೀಟರ್ ಚೌಕದ ಎರಡು ತುಂಡು ಗುರುತಿಸಿ, ಒಂದಕ್ಕೆ ಎರಡು ಮೀಟರ್ ಎತ್ತರದ ತಂತಿಬೇಲಿ ಹಾಕಿ, ಮಳೆಗಾಲಕ್ಕೆ ಮೊದಲೂ ಆಮೇಲೂ ಎರಡರಲ್ಲೂ ಸಸಿ ಎಣಿಸಿ. ಬೇಲಿ ಬುಡದಲ್ಲಿ ಸಂದಿದ್ರೆ ಮರಿ ನುಸುಳುತ್ತೆ, ಲೆಕ್ಕ ಹಾಳು.

ಬಿಟ್ಟ ಮೇಲೆ ವಾಪಸ್ ಹಿಡಿಯೋದಂತೂ ಇನ್ನೂ ಕಷ್ಟ. ಅಟ್ಟಿಸಿ ಹಿಡಿದ್ರೆ ಗಾಬರಿಗೆ ಮೈ ಕಾದು ಸ್ನಾಯು ಕೆಡುತ್ತೆ, ಮೂತ್ರ ಕಂದಾಗುತ್ತೆ. ಲಾರಿಯಲ್ಲಿ ಚೆನ್ನಾಗೇ ನಿಂತಿದ್ದದ್ದು ದಿನಗಳಾದ ಮೇಲೂ ಸಾಯಬಹುದು.

ಮೈದನಹಳ್ಳಿಯ ಕೃಷ್ಣಮೃಗ ಮೀಸಲು ಪ್ರದೇಶ ಇರೋದೇ 798 ಎಕರೆ. ಸುತ್ತಲ ರೈತರ ಕಡ್ಲೆಕಾಯಿಗೆ ಕೃಷ್ಣಮೃಗದ ಕಾಟ ಈಗಲೇ ಇದೆ, ಅದರ ಜೊತೆಗೆ ಇನ್ನೊಂದು ಬಾಯಿ ಯಾಕೆ? ಹೊಸ ಪ್ರಾಣಿಗೆ ಸುರಿಯೋ ದುಡ್ಡಲ್ಲಿ ಅಲ್ಲಿ ನೆಟ್ಟಿರೋ ನೀಲಗಿರಿ ತೆಗೆಸಿ, ಹುಲ್ಲಿಗೆ ಬಿಸಿಲು ಬೀಳ್ಲಿ. ಕಡಿದು ಬಿಟ್ಟರೆ ಸಾಲದು, ನೀಲಗಿರಿ ಬುಡದಿಂದ ಮತ್ತೆ ಚಿಗುರುತ್ತೆ. ಬೊಡ್ಡೆ ಸಮೇತ ಕೀಳಬೇಕು.