ಪಹಣಿಯಲ್ಲಿ ಹೆಸರಿಲ್ಲದವರು

ಕೇಳುಗರಿಗೆ ನಮಸ್ಕಾರ. ಸಮಾಜವಿಜ್ಞಾನದ ಸಂಶೋಧಕರಾಗಬೇಕೆನ್ನುವ ನಮ್ಮ ತುಮಕೂರು ಜಿಲ್ಲೆಯ ವಿದ್ಯಾರ್ಥಿಗಳಿಗೆ ಓದಿನ ದಾರಿ ಸಾಕಷ್ಟು ಸ್ಪಷ್ಟವಾಗಿದೆ. ಸಮಾಜಶಾಸ್ತ್ರ, ಅರ್ಥಶಾಸ್ತ್ರ ಅಥವಾ ರಾಜ್ಯಶಾಸ್ತ್ರದಲ್ಲಿ ಎಂ.ಎ., ಬಳಿಕ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್ ಇಲ್ಲವೆ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆ, ಆಮೇಲೆ ಪಿಎಚ್.ಡಿ. 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಆರಂಭವಾದ ಮೇಲೆ ಇದಕ್ಕಾಗಿ ಜಿಲ್ಲೆ ಬಿಟ್ಟು ಹೋಗಲೇಬೇಕೆಂದೂ ಇಲ್ಲ. ನಾನು ಹೇಳಹೊರಟಿರುವುದು ಪದವಿಪತ್ರದಲ್ಲಿ ನಮೂದಾಗದ ಕೌಶಲ್ಯಗಳ ವಿಚಾರ.

ಪಾವಗಡ ತಾಲ್ಲೂಕಿನ ಸೌರ ವಿದ್ಯುತ್ ಪಾರ್ಕನ್ನೇ ನೋಡೋಣ. ತಿರುಮಣಿ, ವಳ್ಳೂರು ಮೊದಲಾದ ಹಳ್ಳಿಗಳ ಸುಮಾರು 13,000 ಎಕರೆ ಜಮೀನನ್ನು ಕೊಂಡುಕೊಳ್ಳದೆ, ರೈತರಿಂದ ಗುತ್ತಿಗೆಗೆ ಪಡೆದು, 2,000 ಮೆಗಾವಾಟ್‌ಗೂ ಮಿಗಿಲಾದ ಸಾಮರ್ಥ್ಯದ ಘಟಕಗಳನ್ನು ಅಲ್ಲಿ ಸ್ಥಾಪಿಸಲಾಗಿದೆ. ಇದರಿಂದ ಊರಿನ ಬದುಕು ಹೇಗೆ ಬದಲಾಯಿತೆಂದು ತಿಳಿಯಹೊರಟ ಸಂಶೋಧಕ ಜಮೀನಿನ ದಾಖಲೆಯಾದ ಪಹಣಿಯನ್ನು ಮುಂದಿಟ್ಟುಕೊಂಡು ಕುಟುಂಬಗಳನ್ನು ಆರಿಸಿದರೆ, ಎಕರೆಗೆ ವರ್ಷಕ್ಕಿಷ್ಟು ಎಂದು ಗುತ್ತಿಗೆ ಹಣ ಪಡೆಯುವವರೇ ಅವನಿಗೆ ಸಿಗುತ್ತಾರೆ. ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದವರ, ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವರ ಹೆಸರು ಯಾವ ಪಹಣಿಯಲ್ಲೂ ಇರುವುದಿಲ್ಲ. ಲೆಕ್ಕಾಚಾರ ಎಷ್ಟೇ ಶುದ್ಧವಾಗಿದ್ದರೂ, ಪಟ್ಟಿಯೇ ಅರ್ಧವಾದರೆ ಉತ್ತರವೂ ಅರ್ಧವೇ. ಆದ್ದರಿಂದ ಮನೆಮನೆಗೆ ಹೋಗಿ ತನ್ನದೇ ಪಟ್ಟಿ ಮಾಡಿಕೊಳ್ಳುವ ತಾಳ್ಮೆಯನ್ನು ನಾನು ಸಂಶೋಧಕನ ಮೊದಲ ಅರ್ಹತೆಯೆಂದು ಎಣಿಸುತ್ತೇನೆ. ಕಂಪ್ಯೂಟರಿನಲ್ಲಿ ಅಂಕಿಅಂಶ ವಿಶ್ಲೇಷಿಸುವುದನ್ನು ಕೆಲವು ತಿಂಗಳಲ್ಲಿ ಕಲಿಯಬಹುದು. ಈ ತಾಳ್ಮೆಗೆ ಅಂಥ ತರಬೇತಿಯಿಲ್ಲ.

ಹೊತ್ತು ನೋಡಿ ಹೋಗುವುದೂ ವಿದ್ಯೆಯೇ. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಅರಳಿಕಟ್ಟೆಯ ಹಿರಿಯರು ಮಾತ್ರ ಸಿಗುತ್ತಾರೆ, ಅವರೇ ಊರಿನ ಪರವಾಗಿ ಎಲ್ಲಕ್ಕೂ ಉತ್ತರಿಸಿಬಿಡುತ್ತಾರೆ. ಕೂಲಿಗೆ ಹೋದ ಹೆಂಗಸರು ಸಿಗುವುದು ಸಂಜೆಯ ಮೇಲೆ. ಪಾವಗಡದ ಎಷ್ಟೋ ಮನೆಗಳಲ್ಲಿ ಮಾತು ತೆಲುಗಿನಲ್ಲಿ ನಡೆಯುವುದರಿಂದ, ಕನ್ನಡದ ಪ್ರಶ್ನಾವಳಿಯೊಂದನ್ನೇ ಹಿಡಿದು ಹೋದವರಿಗೆ ಹೌದು, ಇಲ್ಲ ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯುವುದು ಕಷ್ಟ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲೆಸಿ ಅಧ್ಯಯನ ನಡೆಸಿದ್ದರು. ಇಂದಿನ ಯೋಜನೆಗಳ ಅವಧಿ ಅಷ್ಟು ಬಿಡುವು ಕೊಡುವುದಿಲ್ಲ, ನಿಜ. ಆದರೂ ಒಂದೇ ಮನೆಗೆ ಎರಡನೆಯ ಸಲ ಹೋಗುವಷ್ಟಾದರೂ ಸಮಯ ಇಟ್ಟುಕೊಳ್ಳಬೇಕು. ಸಾಲದ ಮಾತು ಮೊದಲ ಭೇಟಿಯಲ್ಲಿ ಹೊರಬರುವುದು ಅಪರೂಪ.

ಹಾಗೆ ನಂಬಿ ಹೇಳಿದ್ದನ್ನು ಬರೆಯುವಾಗ ಹೆಸರು ಮರೆಮಾಡಿದರೆ ಸಾಲದು. ಸಣ್ಣ ಊರಿನಲ್ಲಿ ಮನೆಯ ದಿಕ್ಕು, ಕುರಿಗಳ ಸಂಖ್ಯೆ ಇಷ್ಟು ಹೇಳಿದರೂ ಯಾರೆಂದು ತಿಳಿದುಹೋಗುತ್ತದೆ. ಅಂಥ ವಿವರವನ್ನು, ಅದೆಷ್ಟೇ ಸ್ವಾರಸ್ಯಕರವಾಗಿದ್ದರೂ, ಸಂಶೋಧಕ ವರದಿಯಿಂದ ತೆಗೆದುಹಾಕಬೇಕಾಗುತ್ತದೆ. ನಮಸ್ಕಾರ.