ಯಾರು ಅಣ್ಣ, ಯಾರು ತಮ್ಮ?

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಮುಳಬಾಗಿಲಿನಲ್ಲಿ ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಮಾಡುವವನು. ಸಾವಿರ ಅಡಿ ಆಳದಲ್ಲಿ ಸುಟ್ಟು ಮೇಲೆ ಬಂದ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತುವುದು ನನ್ನ ಕೆಲಸ. ಮೈಕಿನ ಮುಂದೆ ಕೂತಿದ್ದು ಇದೇ ಮೊದಲು. ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಮನೆಯಲ್ಲಿ ಇಬ್ಬರು ಗಂಡು ಮಕ್ಕಳು. ಅವಳಿ. ಈಗ ಎರಡನೇ ಕ್ಲಾಸು. ಅವರ ನಿಜವಾದ ಹೆಸರು ಹೇಳುವುದಿಲ್ಲ. ರೇಡಿಯೊದಲ್ಲಿ ತಮ್ಮ ಹೆಸರು ಬರಬೇಕೋ ಬೇಡವೋ ಅಂತ ದೊಡ್ಡವರಾದ ಮೇಲೆ ಅವರೇ ಹೇಳಲಿ. ಇವತ್ತಿಗೆ ಗುಂಡ, ಪುಟ್ಟ ಅನ್ನೋಣ. ಇಬ್ಬರೂ ದತ್ತು ಬಂದ ಮಕ್ಕಳು.

ಇದನ್ನು ಮುಚ್ಚಿಡಬೇಕು ಅಂತ ನಮಗೆ ಯಾವತ್ತೂ ಅನ್ನಿಸಲಿಲ್ಲ. ಅನ್ನಿಸಿದ್ದರೂ ಆಗುತ್ತಿರಲಿಲ್ಲ ಬಿಡಿ. ಒಂದು ಮಗು ಎತ್ತಿಕೊಂಡು ಬಸ್ಸು ಹತ್ತಿದರೆ ಯಾರೂ ತಿರುಗಿ ನೋಡುವುದಿಲ್ಲ. ಒಂದೇ ಅಚ್ಚಿನ ಇಬ್ಬರನ್ನು ಹತ್ತಿಸಿ ನೋಡಿ, ಡ್ರೈವರ್ ಕೂಡ ಕನ್ನಡಿಯಲ್ಲಿ ಇಣುಕುತ್ತಾನೆ.

ಕೋಲಾರದಿಂದ ಮುಳಬಾಗಿಲಿಗೆ ಬರುವಷ್ಟರಲ್ಲಿ ಮೂರು ಪ್ರಶ್ನೆ ಗ್ಯಾರಂಟಿ. ಮೊದಲನೆಯದು, 'ಅವಳಿ ಮಕ್ಕಳಾ?' ನಮ್ಮದು ಗಡಿ ಸೀಮೆ ಅಲ್ವಾ, 'ಕವಲ ಪಿಲ್ಲಲಾ?' ಅಂತ ತೆಲುಗಿನಲ್ಲೂ ಕೇಳುತ್ತಾರೆ. ಹೌದು ಅನ್ನುತ್ತೇವೆ. ಎರಡನೆಯದು, 'ಇವರಲ್ಲಿ ಅಣ್ಣ ಯಾರು?' ಗೊತ್ತಿಲ್ಲ ಅನ್ನುತ್ತೇವೆ. ಇಲ್ಲಿಗೆ ಕೇಳಿದವರಿಗೆ ಗಾಬರಿ. ಹೆತ್ತವರಿಗೇ ಗೊತ್ತಿಲ್ಲ ಅಂದರೆ ಹೇಗೆ? ಮೂರನೆಯದು, 'ಅಪ್ಪನ ಹಾಗೂ ಇಲ್ಲ, ಅಮ್ಮನ ಹಾಗೂ ಇಲ್ಲ, ಯಾರ ಹೋಲಿಕೆ?' ನನ್ನ ಹೆಂಡತಿ ಇದಕ್ಕೆ, 'ಅವನ ಹಾಗೆ ಇವನಿದ್ದಾನೆ, ಇವನ ಹಾಗೆ ಅವನಿದ್ದಾನೆ, ಸಾಕಲ್ವಾ' ಅನ್ನುತ್ತಾಳೆ. ಸಾಮಾನ್ಯವಾಗಿ ಮಾತು ಅಲ್ಲಿಗೆ ನಿಲ್ಲುತ್ತದೆ. ನಿಲ್ಲದಿದ್ದರೆ ಗುಂಡನೇ ಹೇಳಿಬಿಡುತ್ತಾನೆ, 'ನಾವು ದತ್ತು.' ತಾನು ಯಾವ ಕ್ಲಾಸು ಅಂತ ಹೇಳುವ ಧಾಟಿಯಲ್ಲೇ.

ಈ ಎರಡನೇ ಪ್ರಶ್ನೆ ಇದೆಯಲ್ಲ, ಅದೇ ನಮ್ಮನ್ನು ಜಾಸ್ತಿ ಕಾಡಿದ್ದು. ಇಂಗ್ಲಿಷಿನವರಿಗೆ ಸುಲಭ. ಬ್ರದರ್ ಅಂದರೆ ಮುಗಿಯಿತು, ಅದರಲ್ಲಿ ದೊಡ್ಡದು ಚಿಕ್ಕದು ಇಲ್ಲ. ನಮಗೆ ಹಾಗಲ್ಲ. ಕನ್ನಡದಲ್ಲಿ ಒಬ್ಬ ಅಣ್ಣ ಆಗಲೇಬೇಕು, ಇನ್ನೊಬ್ಬ ತಮ್ಮ ಆಗಲೇಬೇಕು. ದತ್ತು ಕೊಟ್ಟ ಸಂಸ್ಥೆಯಿಂದ ಬಂದ ಕಾಗದದಲ್ಲಿ ಹುಟ್ಟಿದ ತಾರೀಕು ಇದೆ. ಇಬ್ಬರದ್ದೂ ಒಂದೇ. ಗಂಟೆ ನಿಮಿಷ ಇಲ್ಲ.

ನಮ್ಮಮ್ಮ ಬದುಕಿದ್ದಾಗ ಈ ವಿಷಯಕ್ಕೆ ತುಂಬ ತಲೆ ಕೆಡಿಸಿಕೊಂಡಿದ್ದರು. ಅವರದ್ದೊಂದು ಲೆಕ್ಕ ಬೇರೆ. ಅವಳಿಯಲ್ಲಿ ಕೊನೆಗೆ ಹೊರಗೆ ಬಂದವನೇ ಅಣ್ಣನಂತೆ. ಮೊದಲು ಒಳಗೆ ಹೋದವನು ಹಿಂದುಗಡೆ ಇರುತ್ತಾನೆ, ಅದಕ್ಕೆ ಕೊನೆಗೆ ಬರುತ್ತಾನೆ ಅನ್ನುವುದು ಅವರ ವಾದ. ನಮ್ಮ ಕಡೆ ಹಳಬರು ಇನ್ನೂ ಹಾಗೇ ಹೇಳುತ್ತಾರೆ. ನಾನು, 'ಅಮ್ಮಾ, ಮೊದಲು ಯಾರು ಬಂದರು, ಕೊನೆಗೆ ಯಾರು ಬಂದರು ಅನ್ನೋದೇ ಗೊತ್ತಿಲ್ಲವಲ್ಲ' ಅಂದರೆ, 'ಅದಕ್ಕೇ ಕೇಳ್ತಿರೋದು' ಅನ್ನುತ್ತಿದ್ದರು.

ಮಕ್ಕಳು ಅವರೇ ಒಂದು ದಾರಿ ಮಾಡಿಕೊಂಡರು. ಸೋಮವಾರ, ಬುಧವಾರ, ಶುಕ್ರವಾರ ಗುಂಡ ಅಣ್ಣ. ಮಂಗಳವಾರ, ಗುರುವಾರ, ಶನಿವಾರ ಪುಟ್ಟ ಅಣ್ಣ. ಅಣ್ಣ ಆದವನಿಗೆ ಬೈಕಿನ ಮುಂದಿನ ಜಾಗ. ಮುದ್ದೆ ಮುರಿಯುವ ಅಧಿಕಾರವೂ ಅವನದ್ದೇ. ಒಂದು ಮುದ್ದೆಯನ್ನು ಇಬ್ಬರಿಗೆ ಸಮ ಮಾಡುವುದು ಎಂಥ ಕಷ್ಟ ಅಂತ ಅವಳಿ ಮಕ್ಕಳಿರುವ ಮನೆಯವರಿಗೆ ಮಾತ್ರ ಗೊತ್ತು. ಮುರಿಯುವವನು ಒಬ್ಬ, ಆರಿಸಿಕೊಳ್ಳುವವನು ಇನ್ನೊಬ್ಬ. ಈ ಕಾನೂನು ಬಂದ ಮೇಲೆ ಕೋರ್ಟು ಕಚೇರಿ ಕಡಿಮೆಯಾಗಿದೆ. ಭಾನುವಾರ ಯಾರು ಅಣ್ಣ ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಭಾನುವಾರ ನಮ್ಮ ಮನೆ ಹತ್ತಿರ ಬರಬೇಡಿ.

ಮಕ್ಕಳು ಹೇಗೆ ಬಂದರು ಅನ್ನುವುದನ್ನು ಸ್ವಲ್ಪ ಹೇಳುತ್ತೇನೆ. ಅಂಗಡಿಗೆ ಬರುವವರು ಎಷ್ಟೋ ಜನ ಪಕ್ಕಕ್ಕೆ ಕರೆದು ಕೇಳುತ್ತಾರೆ, 'ಯಾರ ಹತ್ತಿರ ಮಾತಾಡಿದ್ರಿ? ಎಷ್ಟಾಯ್ತು?' ಯಾರ ಹತ್ತಿರವೂ ಮಾತಾಡುವ ಹಾಗಿಲ್ಲ. ಆಸ್ಪತ್ರೆ, ದಲ್ಲಾಳಿ, ಪರಿಚಯದ ದಾದಿ, ಇವೆಲ್ಲ ಅಪರಾಧದ ದಾರಿ. ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರ, ಅಂದರೆ ಕಾರಾ, ಅದರ ಪೋರ್ಟಲ್ಲಿನಲ್ಲಿ ಹೆಸರು ನೋಂದಾಯಿಸಬೇಕು. ಸಮಾಜ ಕಾರ್ಯಕರ್ತರು ಮನೆಗೆ ಬಂದು ನೋಡಿ ವರದಿ ಬರೆಯುತ್ತಾರೆ. ಆಮೇಲೆ ಕಾಯುವುದು. ಕಾಯುವುದರ ಬಗ್ಗೆ ಏನು ಹೇಳಲಿ, ಮಳೆ ಕಾಯುವ ಜಿಲ್ಲೆಯವರು ನಾವು.

ಅರ್ಜಿಯಲ್ಲಿ ಒಂದು ಮಗುವಾ, ಒಡಹುಟ್ಟಿದವರಾದರೂ ಆದೀತಾ ಅಂತ ಕೇಳುತ್ತಾರೆ. ನಾನು ಒಂದು ಅಂದೆ. ನನ್ನ ಹೆಂಡತಿ, 'ಇಬ್ಬರಿದ್ದರೆ ಒಬ್ಬರನ್ನ ಬಿಟ್ಟು ಬರೋಕೆ ನಿನಗೆ ಆಗತ್ತಾ?' ಅಂದಳು. ಒಡಹುಟ್ಟಿದವರು ಅಂತ ಗುರುತು ಹಾಕಿದೆವು. ಕೊನೆಗೊಂದು ದಿನ ಮೊಬೈಲಿಗೆ ಮೆಸೇಜು ಬಂತು. ತೆಗೆದರೆ ಇಬ್ಬರ ಫೋಟೊ, ಅವರ ಬಗ್ಗೆ ಬರೆದ ವರದಿ, ವೈದ್ಯರ ವರದಿ. ಒಪ್ಪಿಗೆಯೋ ಇಲ್ಲವೋ ಹೇಳಲು 48 ಗಂಟೆ. ನಾವು ತೆಗೆದುಕೊಂಡಿದ್ದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಅದರಲ್ಲಿ ಮುಕ್ಕಾಲು ಭಾಗ ನಾನು ಕನ್ನಡಕ ಹುಡುಕಿದ್ದು.

2019ರ ಜನವರಿಯಲ್ಲಿ ಮನೆಗೆ ಕರೆದುಕೊಂಡು ಬಂದೆವು. ಆಗ ಅವರಿಗೆ 14 ತಿಂಗಳು. ದತ್ತು ಆದೇಶ ಕೊಟ್ಟಿದ್ದು ಕೋರ್ಟು. 2022ರ ಸೆಪ್ಟೆಂಬರಿನಿಂದ ಆ ಅಧಿಕಾರ ಜಿಲ್ಲಾಧಿಕಾರಿಗಳಿಗೆ ಬಂದಿದೆ. ಮಕ್ಕಳು ಮನೆಗೆ ಬಂದ ಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ಹೇಗಿದ್ದಾರೆ ಅಂತ ವಿಚಾರಿಸುತ್ತಾರೆ. ಒಂದು ಸಲ ಲಾಕ್‌ಡೌನ್, ವೀಡಿಯೊ ಕಾಲ್‌ನಲ್ಲೇ ಆಯಿತು. ಇವರಿಬ್ಬರೂ ಫೋನು ಕಿತ್ತುಕೊಂಡು ಆ ಮೇಡಂಗೆ ಅರ್ಧ ಗಂಟೆ ಸೀಲಿಂಗ್ ಫ್ಯಾನು ತೋರಿಸಿದರು.

ಮೊದಲ ತಿಂಗಳ ನಮ್ಮ ಕಥೆ ಕೇಳಬೇಡಿ. ಒಬ್ಬ ಎದ್ದರೆ ಇನ್ನೊಬ್ಬನೂ ಎದ್ದ. ಒಬ್ಬನಿಗೆ ಜ್ವರ ಅಂದರೆ ಮೂರನೇ ದಿನ ಇನ್ನೊಬ್ಬನಿಗೂ. ಒಂದು ರಾತ್ರಿ ಇಬ್ಬರಿಗೂ ಒಟ್ಟಿಗೇ ಬಂತು. ನಡುರಾತ್ರಿ ಎರಡು ಗಂಟೆ ಸಮಯ. ನಾನು ಒಬ್ಬನಿಗೆ ಜ್ವರದ ಸಿರಪ್ ಕುಡಿಸಿ ಮಲಗಿಸಿದೆ. ಹೆಂಡತಿ ಎದ್ದು ಬಂದು ಇನ್ನೊಬ್ಬನಿಗೆ ಅಂತ ಎತ್ತಿಕೊಂಡಳು. ಚಮಚ ಬಾಯಿ ಹತ್ತಿರ ಹೋಗಿತ್ತು. ಅಷ್ಟರಲ್ಲಿ ಅವನ ಅಂಗಿಯ ಮೇಲೆ ನಾನು ಚೆಲ್ಲಿದ್ದ ಔಷಧಿಯ ಕೆಂಪು ಕಲೆ ನನ್ನ ಕಣ್ಣಿಗೆ ಬಿತ್ತು. ಕೂಗಿಕೊಂಡೆ. ಬೆಳಗಾಗುತ್ತಿದ್ದ ಹಾಗೆ ಅಮ್ಮ ಸಂತೆ ಮೈದಾನದ ಹತ್ತಿರ ಹೋಗಿ ಎರಡು ಉಡುದಾರ ತಂದರು. ಗುಂಡನಿಗೆ ಕೆಂಪು, ಪುಟ್ಟನಿಗೆ ಕಪ್ಪು. ಗೋಡೆಗೆ ಒಂದು ಕ್ಯಾಲೆಂಡರ್ ನೇತುಹಾಕಿದೆವು, ಯಾರಿಗೆ ಎಷ್ಟು ಗಂಟೆಗೆ ಏನು ಕೊಟ್ಟೆವು ಅಂತ ಬರೆಯಲು. ಆ ಕ್ಯಾಲೆಂಡರ್ ಇನ್ನೂ ಇದೆ. ಪುಟ್ಟನ ಎಡಗಿವಿಯ ಹಿಂದೆ ಒಂದು ಮಚ್ಚೆ ಇದೆ ಅಂತ ಕಂಡಿದ್ದು ಅದಾದ ಎರಡು ವಾರಕ್ಕೆ. ಮೊದಲೇ ಕಂಡಿದ್ದರೆ ಉಡುದಾರದ ದುಡ್ಡು ಉಳಿಯುತ್ತಿತ್ತು ಅಂತ ಅಮ್ಮನಿಗೆ ಬೇಜಾರು.

ಐದು ವರ್ಷ ತುಂಬಿದಾಗ ಆಧಾರಿಗೆ ಬೆರಳಚ್ಚು ಕೊಡಿಸಲು ಹೋದೆವು. ನನಗೆ ಒಳಗೊಳಗೇ ಹೆದರಿಕೆ, ಮಿಷನ್ ಇಬ್ಬರೂ ಒಬ್ಬನೇ ಅಂತ ಹೇಳಿಬಿಟ್ಟರೆ? ಕೌಂಟರಿನ ಹುಡುಗ ನಕ್ಕ. ಎಷ್ಟೇ ಒಂದೇ ಥರ ಇದ್ದರೂ ಅವಳಿಗಳ ಬೆರಳಗೆರೆ ಬೇರೆ ಬೇರೆಯೇ. ಹೊಟ್ಟೆಯೊಳಗೆ ಒಬ್ಬೊಬ್ಬರು ಇದ್ದ ಜಾಗ, ಬಿದ್ದ ಒತ್ತಡ ಬೇರೆ ಇರುತ್ತದೆ, ಗೆರೆಯೂ ಬೇರೆಯಾಗುತ್ತದೆ. ಮನೆಗೆ ಬಂದು ಇಬ್ಬರೂ ಸ್ಟ್ಯಾಂಪ್ ಪ್ಯಾಡಿಗೆ ಹೆಬ್ಬೆಟ್ಟು ಅದ್ದಿ ನನ್ನ ಅಂಗಡಿಯ ಬಿಲ್ ಪುಸ್ತಕದ ತುಂಬ ಒತ್ತಿದರು. ಆ ಹೊಟ್ಟೆಯೊಳಗಿನ ಒಂಬತ್ತು ತಿಂಗಳ ಬಗ್ಗೆ ನಮ್ಮ ಹತ್ತಿರ ಇರುವ ಗುರುತು ಅದೊಂದೇ. ಮೂವರು ಗಿರಾಕಿಗಳಿಗೆ ಹೆಬ್ಬೆಟ್ಟು ಬಿದ್ದ ಬಿಲ್ಲೇ ಕೊಟ್ಟೆ.

ಬಂದವರು ಎಲ್ಲರೂ ಹೇಳುವ ಇನ್ನೊಂದು ಮಾತಿದೆ. 'ಲವ ಕುಶ ಅಂತ ಇಡಬೇಕಿತ್ತು.' ಅದೂ ನಮ್ಮ ತಾಲ್ಲೂಕಿನಲ್ಲಿ! ಆವನಿ ನಮ್ಮೂರಿಂದ ಬೈಕಿನಲ್ಲಿ ಅರ್ಧ ಗಂಟೆ. ಸೀತಮ್ಮ ಲವಕುಶರನ್ನು ಹೆತ್ತಿದ್ದು ಅಲ್ಲೇ, ವಾಲ್ಮೀಕಿ ಆಶ್ರಮ ಇದ್ದದ್ದು ಅಲ್ಲೇ ಅಂತ ನಮ್ಮ ಸೀಮೆಯ ನಂಬಿಕೆ. ಕೆಳಗೆ ನೊಳಂಬ ರಾಜರ ಕಾಲದ ರಾಮಲಿಂಗೇಶ್ವರನ ಗುಡಿಗಳು. ರಾಮನ ಹೆಸರಲ್ಲಿ ಒಂದು, ಲಕ್ಷ್ಮಣನ ಹೆಸರಲ್ಲಿ ಒಂದು, ಭರತ, ಶತ್ರುಘ್ನರಿಗೂ ಒಂದೊಂದು. ಬೆಟ್ಟದ ಮೇಲೆ ಸೀತಮ್ಮನ ಗುಡಿ. ಮಕ್ಕಳಾಗಲಿ ಅಂತ ಹರಕೆ ಹೊರುವವರು ಅಲ್ಲಿಗೆ ಹೋಗುತ್ತಾರೆ. ನಾವೂ ಹೋಗಿದ್ದೆವು, ಹತ್ತು ವರ್ಷದಲ್ಲಿ ಎಷ್ಟು ಸಲ ಅಂತ ಎಣಿಸಿಲ್ಲ.

ಮಕ್ಕಳಿಗೆ ಐದು ದಾಟಿದ ಮೇಲೆ ಅಮ್ಮನ ಜೊತೆ ಒಂದು ಸಲ ಎಲ್ಲರೂ ಹೋದೆವು. ಅಮ್ಮನಿಗೆ ಬೆಟ್ಟ ಹತ್ತಲು ಆಗಲಿಲ್ಲ, ಕೆಳಗೆ ಗುಡಿಯ ಅಂಗಳದಲ್ಲಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಕಥೆ ಹೇಳಿದರು. ವಾಲ್ಮೀಕಿ ರಾಮಾಯಣದಲ್ಲಿ ಸೀತೆ ಹೆತ್ತಿದ್ದು ಅವಳಿಗಳನ್ನೇ. ಆದರೆ ಜನರ ಬಾಯಲ್ಲಿ ಬೇರೆ ಒಂದು ಕಥೆಯೂ ಇದೆ, ನಿಮ್ಮಲ್ಲಿ ಕೆಲವರು ಕೇಳಿರಬಹುದು. ಸೀತೆಗೆ ಹುಟ್ಟಿದ್ದು ಲವ ಒಬ್ಬನೇ. ಒಂದು ದಿನ ಮಗುವನ್ನು ನೋಡಿಕೊಳ್ಳಿ ಅಂತ ಋಷಿಗೆ ಹೇಳಿ ನೀರಿಗೆ ಹೊರಟವಳು, ಮನಸ್ಸು ತಡೆಯದೆ ವಾಪಸ್ ಬಂದು ಮಗುವನ್ನು ಎತ್ತಿಕೊಂಡು ಹೋದಳು. ಕಣ್ಣು ಮುಚ್ಚಿದ್ದ ಋಷಿಗೆ ಗೊತ್ತಾಗಲಿಲ್ಲ. ಕಣ್ಣು ಬಿಟ್ಟರೆ ತೊಟ್ಟಿಲು ಖಾಲಿ. ಗಾಬರಿಯಾಗಿ ಒಂದು ಹಿಡಿ ಕುಶ, ಅಂದರೆ ದರ್ಭೆ ಹುಲ್ಲು ತೆಗೆದು, ಅದಕ್ಕೆ ಜೀವ ಕೊಟ್ಟು ಅದೇ ಥರದ ಮಗು ಮಾಡಿ ಮಲಗಿಸಿದ. ಸೀತೆ ಬಂದಳು. ಕಂಕುಳಲ್ಲೊಂದು, ತೊಟ್ಟಿಲಲ್ಲೊಂದು. ಎರಡೂ ನನ್ನವೇ ಅಂದಳು.

ಗುಂಡ ಹುಲ್ಲು ಕೀಳುತ್ತಾ ಕೇಳುತ್ತಿದ್ದ. 'ಅಜ್ಜೀ, ಹಾಗಾದ್ರೆ ನಾವಿಬ್ರೂ ಕುಶಾನೇ ಅಲ್ವಾ?' ಅಂದ. ಅಮ್ಮ ಯಾವಾಗಲೂ ತಟ್ಟನೆ ಉತ್ತರ ಕೊಡುವವರು. ಅವತ್ತು ಚೀಲದಿಂದ ಕಡಲೆಕಾಯಿ ತೆಗೆದು ಇಬ್ಬರ ಕೈಗೂ ಹಾಕಿದರು, ಅಷ್ಟೇ. ಮನೆಗೆ ಬಂದ ಮೇಲೆ ಮಾತ್ರ ಅವರು ಯಾರು ಅಣ್ಣ ಅಂತ ಕೇಳುವುದನ್ನು ಬಿಟ್ಟರು.

ಜನ ಕೆಟ್ಟವರಲ್ಲ. ಆದರೆ ಒಂದು ಮಾತು ನನಗೆ ಸರಿ ಬರುವುದಿಲ್ಲ. 'ದೊಡ್ಡ ಪುಣ್ಯದ ಕೆಲಸ ಮಾಡಿದ್ರಿ' ಅನ್ನುತ್ತಾರೆ, ಅದೂ ಮಕ್ಕಳ ಎದುರೇ. ಪುಣ್ಯ ಮಾಡುವವನು ರಾತ್ರಿ ಹನ್ನೊಂದಕ್ಕೆ 'ಮಲಗ್ರೋ, ಇಲ್ಲಾಂದ್ರೆ ಲೈಟಿನ ಮೇನ್ ಸ್ವಿಚ್ಚೇ ಕಿತ್ತು ಹಾಕ್ತೀನಿ' ಅಂತ ಕಿರುಚುತ್ತಾನಾ? ಹೆತ್ತವರಿಗೆ ಯಾರೂ ಪುಣ್ಯ ಮಾಡಿದ್ರಿ ಅನ್ನುವುದಿಲ್ಲವಲ್ಲ. ಹಾಗೆ ಕೇಳಿ ಕೇಳಿ ಬೆಳೆದ ಮಗು ನಾಳೆ ಸಿಟ್ಟು ಬಂದಾಗ ಸಿಟ್ಟು ಮಾಡಿಕೊಳ್ಳಲೂ ಹೆದರುತ್ತದೆ. ನಮ್ಮವರು ಸದ್ಯಕ್ಕೆ ಹೆದರುತ್ತಿಲ್ಲ, ಧಾರಾಳವಾಗಿ ಮಾಡಿಕೊಳ್ಳುತ್ತಾರೆ.

ಅವರು ಕೇಳುವುದನ್ನು ನಾವು ತಡೆಯುವುದಿಲ್ಲ. 'ನಮ್ಮನ್ನ ಹೆತ್ತಮ್ಮ ಯಾಕೆ ಬಿಟ್ಟು ಹೋದ್ರು?' ಅಂತ ಪುಟ್ಟ ಒಂದು ರಾತ್ರಿ ಕೇಳಿದ. ಏನಾದರೂ ಚಂದದ ಕಥೆ ಕಟ್ಟಬಹುದಿತ್ತು. ಬಡತನ ಇತ್ತು ಅಂತಲೋ, ಕಾಯಿಲೆ ಇತ್ತು ಅಂತಲೋ. ನಮಗೆ ಗೊತ್ತಿಲ್ಲ ಕಂದಾ ಅಂದೆವು. 18 ತುಂಬಿದ ಮೇಲೆ ನೀವೇ ಅರ್ಜಿ ಹಾಕಿ ಕೇಳಬಹುದು, ಕಾನೂನಿನಲ್ಲಿ ಅದಕ್ಕೆ ದಾರಿ ಇದೆ, ನಾವೂ ಜೊತೆಗೆ ಬರುತ್ತೇವೆ ಅಂದೆವು. 'ಬೈಕಲ್ಲಾ, ಬಸ್ಸಲ್ಲಾ?' ಅಂದ. ಬಸ್ಸು ಅಂದೆ. ಮಲಗಿದ.

ಕಳೆದ ತಿಂಗಳು ಸ್ಕೂಲಿನಿಂದ ಒಂದು ಹೋಂವರ್ಕ್ ಬಂತು. 'ನಾನು ಮಗುವಾಗಿದ್ದಾಗ' ಅಂತ ಬರೆದು ಒಂದು ಫೋಟೊ ಅಂಟಿಸಬೇಕು. ಬೇರೆ ಮಕ್ಕಳ ಮನೆಯಲ್ಲಿ ಆಲ್ಬಂ ಇರುತ್ತದೆ. ನಮ್ಮ ಹತ್ತಿರ ಅವರು ಎಳೆ ಕೂಸಾಗಿದ್ದಾಗಿನದು ಅಂತ ಇರುವುದು ಒಂದೇ ಒಂದು ಫೋಟೊ. ನಾವು ಹೊರಡುವಾಗ ಸಂಸ್ಥೆಯ ಆಯಾ ಒಬ್ಬರು ತಮ್ಮ ಫೋನಿನಿಂದ ಕಳಿಸಿದ್ದು. ನಾಲ್ಕು ತಿಂಗಳ ಎರಡು ಕೂಸು, ಹಸಿರು ಚಾಪೆಯ ಮೇಲೆ ಅಂಗಾತ ಮಲಗಿವೆ. ಒಂದು ಬೊಚ್ಚು ಬಾಯಿ ಬಿಟ್ಟು ನಗುತ್ತಿದೆ. ಇನ್ನೊಂದು ಮುಖ ಕಿವುಚಿಕೊಂಡು ಅಳುತ್ತಿದೆ. ಅಂಗಾತ ಮಲಗಿದ್ದರಿಂದ ಕಿವಿಯ ಹಿಂದಿನ ಮಚ್ಚೆ ಕಾಣುವುದಿಲ್ಲ. ಆಯಾಗೆ ಫೋನು ಮಾಡಿ ಕೇಳಿದ್ದೆವು. ಅವತ್ತಿಗೆ ಅವರಿಗೂ ನೆನಪಿರಲಿಲ್ಲ.

ಆ ಫೋಟೊವನ್ನೇ ಎರಡು ಕಾಪಿ ಹಾಕಿಸಿ ತಂದು, ಇಬ್ಬರಿಗೂ ಒಂದೊಂದು ಕೊಟ್ಟೆ. ಇಬ್ಬರದ್ದೂ ಬೇರೆ ಬೇರೆ ಸೆಕ್ಷನ್. ಒಬ್ಬ ಅಡುಗೆ ಮನೆಯಲ್ಲಿ ಕೂತ, ಇನ್ನೊಬ್ಬ ಜಗುಲಿಯಲ್ಲಿ. ಕೈ ಅಡ್ಡ ಇಟ್ಟುಕೊಂಡು ಬರೆದರು. ನಮಗೆ ತೋರಿಸಲಿಲ್ಲ.

ಪುಸ್ತಕ ತಿದ್ದಿ ವಾಪಸ್ ಬಂದಾಗ ನೋಡಿದೆ. ಗುಂಡ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬಾಣ ಹಾಕಿ 'ಇದು ನಾನು' ಅಂತ ಬರೆದಿದ್ದಾನೆ, ನಗುವ ಮಗುವಿಗೆ. ಪುಟ್ಟ ನೀಲಿ ಪೆನ್ನಿನಲ್ಲಿ ಬಾಣ ಹಾಕಿದ್ದಾನೆ, ಅದೇ ನಗುವ ಮಗುವಿಗೆ. ಅಳುವ ಮಗುವಿನ ಕೆಳಗೆ ಇಬ್ಬರೂ ಬರೆದಿರುವುದು ಒಂದೇ ಪದ, 'ತಮ್ಮ'.

ಎರಡು ಪುಸ್ತಕದಲ್ಲೂ ಟೀಚರ್ ರೈಟ್ ಹಾಕಿದ್ದಾರೆ.

ನಮಸ್ಕಾರ.