ಮೊದಲು ರಟ್ಟಿನ ಮನೆ ಕಟ್ಟಿ ನೋಡಿ

ಕೇಳುಗರಿಗೆ ನಮಸ್ಕಾರ.

ನಮ್ಮ ಹಾಸನ ಜಿಲ್ಲೆಯ ಹವೆ ಎಲ್ಲ ಕಡೆ ಒಂದೇ ಅಲ್ಲ. ಅರಸೀಕೆರೆ ಕಡೆ ಬಿಸಿಲು ಜಾಸ್ತಿ, ಮಳೆ ಕಡಿಮೆ. ಸಕಲೇಶಪುರದಲ್ಲಿ ಮಳೆ ಹಿಡಿದರೆ ಒಗೆದ ಬಟ್ಟೆ ದಿನಗಟ್ಟಲೆ ಒಣಗುವುದಿಲ್ಲ. ಆದರೂ ಎರಡೂ ಕಡೆ ಈಗ ಒಂದೇ ಥರದ ನಕ್ಷೆ, ಒಂದೇ ಥರದ ತಾರಸಿ. ಲಕ್ಷಗಟ್ಟಲೆ ಸುರಿದ ಮೇಲೆ ಮಧ್ಯಾಹ್ನ ಒಳಗೆ ಕೂರೋಕಾಗಲ್ಲ, ಗೋಡೆಗೆ ಬೂಷ್ಟು ಬಂತು ಅಂತ ಕೊರಗುತ್ತೇವೆ. ಪಾಯ ತೆಗೆಯುವ ಮೊದಲೇ ರಟ್ಟಿನಲ್ಲಿ ಒಂದು ಪುಟ್ಟ ಮನೆ ಮಾಡಿ ನೋಡಿ.

ಒಂದಲ್ಲ, ಎರಡು ಮಾಡಿ. ಒಂದೇ ಅಳತೆಯ ಎರಡು ರಟ್ಟಿನ ಪೆಟ್ಟಿಗೆ ಸಾಕು. ಎರಡಕ್ಕೂ ತಗಡಿನ ಚಾವಣಿ. ಒಂದಕ್ಕೆ ಮಾತ್ರ ತಗಡಿನ ಕೆಳಗೆ ಥರ್ಮೋಕೋಲ್ ಕೂರಿಸಿ. ಒಳಗೆ ಒಂದೊಂದು ಥರ್ಮಾಮೀಟರ್ ತೂಗುಬಿಡಿ. ಜ್ವರ ನೋಡುವ ಥರ್ಮಾಮೀಟರ್ ಬೇಡ, ಅದು ಮೈಬಿಸಿಯ ಆಸುಪಾಸನ್ನಷ್ಟೇ ತೋರಿಸುತ್ತದೆ. ಅಕ್ಕಪಕ್ಕ ಬಿಸಿಲಿಗಿಟ್ಟು 10 ನಿಮಿಷಕ್ಕೊಮ್ಮೆ ಬರೆದುಕೊಳ್ಳಿ. ಬರೀ ತಗಡಿನ ಮನೆ ಬೇಗ ಕಾಯುತ್ತದೆ. ಥರ್ಮೋಕೋಲಿನಲ್ಲಿ ಶೇಕಡಾ 95ಕ್ಕಿಂತ ಜಾಸ್ತಿ ಇರುವುದು ಗಾಳಿಯೇ. ಅಲುಗಾಡದೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ. ಹಳೇ ಹೆಂಚಿನ ಮನೆಯ ಅಟ್ಟವೂ ಹೀಗೇ ಕಾದ ಹೆಂಚಿಗೂ ಕೆಳಗಿನ ಕೋಣೆಗೂ ನಡುವೆ ನಿಲ್ಲುತ್ತಿತ್ತು.

ಅರಸೀಕೆರೆಯವರಿಗೆ ಇದು ಮುಖ್ಯ. ಮಲೆನಾಡಿನವರಿಗೆ ಮುಂದಿನದು ಇನ್ನೂ ಮುಖ್ಯ.

ಪೆಟ್ಟಿಗೆಯ ಒಂದು ಗೋಡೆ ಕತ್ತರಿಸಿ, ಆ ಜಾಗಕ್ಕೆ ಒಳಗಿನದು ಕಾಣುವಂಥ ಪ್ಲಾಸ್ಟಿಕ್ ಹಾಳೆ ಅಂಟಿಸಿ. ಒಳಗೆ ಬಟ್ಟಲಲ್ಲಿ ಬಿಸಿನೀರಿಡಿ. ಸ್ವಲ್ಪ ಹೊತ್ತಿಗೇ ಹಾಳೆಯ ಒಳಮೈ ಮಬ್ಬಾಗುತ್ತದೆ. ಸಣ್ಣ ಹನಿಗಳು ಒಂದಕ್ಕೊಂದು ಸೇರಿ ಕೆಳಗಿಳಿಯುತ್ತವೆ. ಅಡುಗೆ, ಸ್ನಾನ, ನಮ್ಮ ಉಸಿರು, ಎಲ್ಲದರ ತೇವ ತಣ್ಣಗಿನ ಗೋಡೆಯ ಮೇಲೆ ಕೂರುವುದು ಹೀಗೇ. ಬೂಷ್ಟು ಹುಟ್ಟುವುದೂ ಅಲ್ಲೇ.

ಬಿಸಿನೀರು ಒಳಗೇ ಇರಲಿ. ಒಂದು ಗೋಡೆಯ ಬುಡದಲ್ಲಿ ಒಂದು ಕಿಂಡಿ, ಎದುರು ಗೋಡೆಯಲ್ಲಿ ಚಾವಣಿಗೆ ತಾಗಿದಂತೆ ಇನ್ನೊಂದು ಕಿಂಡಿ ಕೊರೆಯಿರಿ. ಕೆಳಗಿನ ಕಿಂಡಿಯ ಹೊರಗೆ ಊದುಬತ್ತಿ ಹಿಡಿಯಿರಿ. ರಟ್ಟಿಗಾಗಲಿ ಥರ್ಮೋಕೋಲಿಗಾಗಲಿ ಕಿಡಿ ತಾಗಬಾರದು, ಮಕ್ಕಳು ಮಾಡುವಾಗ ದೊಡ್ಡವರು ಜೊತೆಗಿರಲಿ. ಹೊಗೆ ಒಳಗೆ ಹೋಗಿ, ಓರೆಯಾಗಿ ಏರಿ, ಮೇಲಿನ ಕಿಂಡಿಯಿಂದ ಹೊರಬೀಳುತ್ತದೆ. ಬಿಸಿ ಗಾಳಿ ಹಗುರ, ಮೇಲೇರುತ್ತದೆ. ಅದು ಬಿಟ್ಟ ಜಾಗಕ್ಕೆ ಕೆಳಗಿನಿಂದ ಹೊಸ ಗಾಳಿ ಬರುತ್ತದೆ. ಈಗ ಮೇಲಿನ ಕಿಂಡಿ ಮುಚ್ಚಿ. ಹೊಗೆ ಒಳಗೆ ಹೋಗಲು ತಡವರಿಸುತ್ತದೆ, ಹೋದದ್ದೂ ಚಾವಣಿಯ ಕೆಳಗೇ ನಿಲ್ಲುತ್ತದೆ. ಹೊಸ ಮನೆಗಳಲ್ಲಿ ಅಂದ ಕೆಡುತ್ತದೆ ಅಂತ ವೆಂಟಿಲೇಟರನ್ನೇ ಬಿಡುತ್ತಿದ್ದಾರಲ್ಲ, ಅದು ನನಗೆ ನಿಜಕ್ಕೂ ಬೇಸರದ ಸಂಗತಿ.

ಪುಟ್ಟ ಮನೆಯ ಡಿಗ್ರಿಯನ್ನು ಹಾಗೇ ದೊಡ್ಡ ಮನೆಗೆ ಹಚ್ಚಬೇಡಿ. ಉದ್ದ, ಅಗಲ, ಎತ್ತರ 10ರಲ್ಲಿ 1 ಪಾಲಾದರೆ ಗೋಡೆಯ ಹರವು 100ರಲ್ಲಿ 1 ಪಾಲು, ಒಳಗಿನ ಗಾಳಿ 1000ದಲ್ಲಿ 1 ಪಾಲು. ಹಾಗಾಗಿ ಪೆಟ್ಟಿಗೆ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಕಾಂಕ್ರೀಟ್ ಹಗಲು ಹೀರಿದ ಶಾಖವನ್ನು ರಾತ್ರಿ ಬಿಡುವುದು ರಟ್ಟಿನಲ್ಲಿ ಕಾಣುವುದಿಲ್ಲ. ಎರಡು ಪೆಟ್ಟಿಗೆಗಳ ನಡುವಿನ ವ್ಯತ್ಯಾಸವನ್ನಷ್ಟೇ ನಂಬಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ತಗಡಿಗೆ ಬಿಳಿ ಸುಣ್ಣ ಬಳಿದು ನೋಡುವ ದಿನ ಥರ್ಮೋಕೋಲ್ ತೆಗೆದಿಡಿ, ಕಿಂಡಿಗಳನ್ನೂ ಮುಚ್ಚಿ.

ನಮಸ್ಕಾರ.